ಕೂದಲು ಕತ್ತರಿಸುವ ಪಾಠದ ‘ಎಲಿವೇಶನ್’: ಎತ್ತರವೇ, ಎಬ್ಬಿಕೆಯೇ?

ಪದಚರ್ಚೆಯ ಬಲ್ಲವರೆಲ್ಲರಿಗೂ ನಮಸ್ಕಾರಗಳು.

ನಾನು ಗುಳೇದಗುಡ್ಡದ ನೇಕಾರರ ಮನೆಯವಳು. ಈಗ ಬೆಳಗಾವಿಯಲ್ಲಿದ್ದುಕೊಂಡು ಒಂದು ವರ್ಷದ ಕಾಸ್ಮೆಟಾಲಜಿ ತರಬೇತಿ ಪಡೆಯುತ್ತಿದ್ದೇನೆ. ನಮ್ಮ ಪಾಠ ನಡೆಯುವುದು ಕನ್ನಡ, ಮರಾಠಿ, ಹಿಂದಿ ಮೂರೂ ಬೆರೆತ ಮಾತಿನಲ್ಲಿ, ಪುಸ್ತಕ ಇರುವುದು ಇಂಗ್ಲಿಷಿನಲ್ಲಿ, ಕಲಿಯುವವರಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿ ಬಂದವರು. ಹೀಗಾಗಿ ಪಾಠದ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆದು ಗೆಳತಿಯರಿಗೆ ಕೊಡುವ ಕೆಲಸ ಹೇಗೋ ನನ್ನ ಕೊರಳಿಗೆ ಬಿದ್ದಿದೆ. ಕೂದಲು ಕತ್ತರಿಸುವ ಮೊದಲ ಪಾಠಗಳಿಗೆ ಬಂದಾಗ ಒಂದು ಪದದ ಹತ್ತಿರ ಪೆನ್ನು ನಿಂತಿತು. ಅದನ್ನೇ ತಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಆ ಪದ ‘ಎಲಿವೇಶನ್’. ಪಾಠದಲ್ಲಿ ಅದರ ಅರ್ಥ ಹೀಗಿದೆ: ಕೂದಲಿನ ಒಂದು ತೆಳುವಾದ ಸಾಲನ್ನು ಬೇರೆ ಮಾಡಿ, ಹಣಿಗೆಯಿಂದ ಹಿಕ್ಕಿ, ತೋರುಬೆರಳು ಮತ್ತು ನಡುಬೆರಳುಗಳ ನಡುವೆ ಬಿಗಿಯಾಗಿ ಹಿಡಿದಾಗ, ಆ ಸಾಲು ತಲೆಯ ಮೇಲ್ಮೈಯನ್ನು ಬಿಟ್ಟು ಎಷ್ಟು ಕೋನದಲ್ಲಿ ಹೊರಗೆ ಬಂದಿದೆ ಎಂಬ ಲೆಕ್ಕ. ಕೂದಲು ತಾನಾಗಿ ಇಳಿಬಿದ್ದಿದ್ದರೆ ಅದು 0 ಡಿಗ್ರಿ. ಹಾಗೆಯೇ ಕತ್ತರಿಸಿದರೆ ಎಲ್ಲ ತುದಿಗಳೂ ಒಂದೇ ಗೆರೆಗೆ ಬಂದು ಕೂದಲು ಒತ್ತಾಗಿ ಕಾಣುತ್ತದೆ. 45 ಡಿಗ್ರಿಗೆ ಹಿಡಿದು ಕತ್ತರಿಸಿದರೆ ಹೆಡಕಿನ, ಅಂದರೆ ಕತ್ತಿನ ಹಿಂಭಾಗದ, ಕೂದಲು ಗಿಡ್ಡವಾಗಿ, ಮೇಲುಮೇಲಿನದು ಉದ್ದವಾಗಿ, ಒಂದರ ಮೇಲೊಂದು ಕುಳಿತು ಹಿಂದಲೆ ತುಂಬಿದಂತೆ ಕಾಣುತ್ತದೆ. 90 ಡಿಗ್ರಿಯಲ್ಲಿ ಇಡೀ ತಲೆಯ ಕೂದಲು ಒಂದೇ ಉದ್ದಕ್ಕೆ ಬರುತ್ತದೆ. 180 ಡಿಗ್ರಿಗೆ ಹಿಡಿದರೆ ನೆತ್ತಿಯ ಮೇಲಿನದು ಗಿಡ್ಡ, ಕೆಳಗಿನದು ಉದ್ದ. ನಾವು ಕಲಿಯುವ ಕಟಿಂಗುಗಳೆಲ್ಲ ಮೂಲದಲ್ಲಿ ಈ ನಾಲ್ಕರ ಕೂಡಿಕೆಗಳೇ ಆಗಿರುವುದರಿಂದ ಈ ಒಂದು ಪದ ತಪ್ಪಿದರೆ ಮುಂದಿನ ಪಾಠವೆಲ್ಲ ತಪ್ಪುತ್ತದೆ.

ತಪ್ಪಿಯೂ ಆಯಿತು. ನಾನು ಮೊದಲು ಬರೆದದ್ದು ‘ಎತ್ತರ’ ಎಂದು. ‘ಕೂದಲನ್ನು 90 ಡಿಗ್ರಿ ಎತ್ತರಕ್ಕೆ ಹಿಡಿದು ಕತ್ತರಿಸಬೇಕು’ ಎಂಬ ವಾಕ್ಯದಲ್ಲಿ ಬರೆಯುವಾಗ ನನಗೆ ಯಾವ ದೋಷವೂ ಕಾಣಲಿಲ್ಲ. ನನ್ನ ಟಿಪ್ಪಣಿಯನ್ನು ಓದಿಕೊಂಡು ಬಂದ ಗೆಳತಿಯೊಬ್ಬಳು ಅಭ್ಯಾಸದ ಡಮ್ಮಿ ತಲೆಯ ಹೆಡಕಿನ ಕೂದಲನ್ನೂ ಮಾಳಿಗೆಯ ಕಡೆಗೆ ಎತ್ತಿ ಹಿಡಿದು ಕತ್ತರಿ ಹಚ್ಚಿದಳು. ಎತ್ತರ ಎಂದ ಮೇಲೆ ಮೇಲಕ್ಕೆ ಎಂದೇ ತಾನೆ ಅರ್ಥ? ಆದರೆ ಪಾಠದ 90 ಡಿಗ್ರಿ ನೆಲದಿಂದ ಅಳೆಯುವುದಲ್ಲ, ಕೂದಲು ಹುಟ್ಟಿದ ಆ ಜಾಗದ ಚರ್ಮದಿಂದ ಅಳೆಯುವುದು. ತಲೆ ಗುಂಡಾಗಿರುವ ಕಾರಣ ನೆತ್ತಿಯಲ್ಲಿ 90 ಡಿಗ್ರಿ ಎಂದರೆ ಮೇಲಕ್ಕೆ, ಕಿವಿಯ ಮೇಲ್ಭಾಗದಲ್ಲಿ ಪಕ್ಕಕ್ಕೆ, ಹಿಂದಲೆಯಲ್ಲಿ ಹಿಂದಕ್ಕೆ. ಅವಳು ಹೆಡಕಿನಲ್ಲಿ ಹಿಡಿದದ್ದು 90 ಅಲ್ಲ, ಹೆಚ್ಚುಕಡಿಮೆ 180. ಕೈ ಬಿಟ್ಟಾಗ ಮೇಲೆಲ್ಲ ಗಿಡ್ಡವಾಗಿ, ಕೆಳಗೆ ಬಾಲದಂತೆ ನಾಲ್ಕು ಎಳೆ ಉಳಿದಿದ್ದವು. ಮನುಷ್ಯರ ಕೂದಲಾದರೆ ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆದು ತಪ್ಪನ್ನು ಮುಚ್ಚುತ್ತದೆ. ಡಮ್ಮಿಯ ಕೂದಲು ಬೆಳೆಯುವುದಿಲ್ಲ, ಆ ತಲೆ ಇನ್ನೂ ನಮ್ಮ ಕೊಠಡಿಯ ಕಿಟಕಿಯಲ್ಲಿ ನನ್ನನ್ನೇ ನೋಡುತ್ತ ಕುಳಿತಿದೆ. ಕತ್ತರಿಸಿದ್ದು ಅವಳ ಕೈ, ತಪ್ಪು ನನ್ನ ಪದದ್ದು.

ಎರಡನೆಯ ಸಲ ಶಾಲೆಯ ಗಣಿತವನ್ನು ನೆನೆದೆ. ಅಲ್ಲಿ ಲಘುಕೋನ, ಲಂಬಕೋನ, ವಿಶಾಲಕೋನ, ಸರಳಕೋನ ಎಂಬ ಒಪ್ಪವಾದ ಪದಗಳಿವೆ. 45 ಲಘು, 90 ಲಂಬ, 180 ಸರಳ. ಎಲ್ಲರಿಗೂ ಗೊತ್ತಿರುವ ಪದಗಳೇ ಆದರೂ ಇಲ್ಲಿಯೂ ಒಂದು ತೊಡಕು ಬಂದಿತು. ‘ಲಂಬವಾಗಿ ಹಿಡಿ’ ಎಂದ ಕೂಡಲೇ ಎಲ್ಲರ ಮನಸ್ಸಿಗೆ ಬರುವುದು ಗೋಡೆ ಕಟ್ಟುವವರು ಇಳಿಬಿಡುವ ತೂಗುಗುಂಡಿನ ದಾರ, ಅಂದರೆ ಮತ್ತೆ ನೆಲದ ಲೆಕ್ಕವೇ. ಅದಲ್ಲದೆ ಸಂಸ್ಕೃತದ ‘ಲಂಬ’ ಎಂಬುದರ ಧಾತುವಿಗೇ ಜೋತುಬೀಳು, ಇಳಿಬೀಳು ಎಂಬ ಅರ್ಥವಿದೆ. ಹಾಗೆ ನೋಡಿದರೆ ತಾನಾಗಿ ಜೋತುಬಿದ್ದ 0 ಡಿಗ್ರಿಯ ಕೂದಲೇ ನಿಜವಾದ ಲಂಬ ಕೂದಲು! ಗಣಿತದವರಿಗೆ ಈ ಪದದಿಂದ ಏನೂ ಅಡ್ಡಿಯಾಗಿಲ್ಲ. ಕಾಗದದ ಮೇಲಿನ ಗೆರೆಗೆ ಗುಂಡು ತಲೆ ಇರುವುದಿಲ್ಲವಲ್ಲ. ನಮಗೆ ಆಗಿದೆ.

ಆಗ ಅನಿಸಿದ್ದು, ನಮಗೆ ಬೇಕಾಗಿರುವುದು ಕೋನದ ಹೆಸರಲ್ಲ, ಚರ್ಮಕ್ಕೂ ಕೂದಲಿಗೂ ಇರುವ ಸಂಬಂಧವನ್ನು ತನ್ನೊಳಗೇ ಇಟ್ಟುಕೊಂಡಿರುವ ಕ್ರಿಯಾಪದ ಎಂದು. ಅಂಥದೊಂದು ನಮ್ಮ ಮಾತಿನಲ್ಲಿ ಹಿಂದಿನಿಂದಲೂ ಇದೆ. ಚಳಿಗೋ ಹೆದರಿಕೆಗೋ ಮೈ ಜುಮ್ಮೆಂದಾಗ ಕೂದಲು ‘ನಿಮಿರುತ್ತದೆ’ ಎನ್ನುತ್ತೇವೆ. ನಮ್ಮ ಕಡೆಯ ಆಡುಮಾತಿನಲ್ಲಿ ‘ನಿಗರಿ ನಿಂತಾವ’ ಎನ್ನುವುದುಂಟು. ಆಗ ತೋಳಿನ ಕೂದಲು ತೋಳಿನ ಚರ್ಮಕ್ಕೆ ನೆಟ್ಟಗೆ ನಿಲ್ಲುತ್ತದೆ, ಕತ್ತಿನದು ಕತ್ತಿಗೆ ನೆಟ್ಟಗೆ ನಿಲ್ಲುತ್ತದೆ. ತೋಳು ಯಾವ ಕಡೆಗೆ ಚಾಚಿದೆ ಎಂಬುದನ್ನು ಕೂದಲು ಕೇಳುವುದಿಲ್ಲ. ಪಾಠದ 90 ಡಿಗ್ರಿಯೂ ಇದೇ ಅಲ್ಲವೇ? ಅರ್ಥದ ದೃಷ್ಟಿಯಿಂದ ಇದಕ್ಕಿಂತ ಹೊಂದುವ ಪದ ನನಗೆ ಇನ್ನೂ ಸಿಕ್ಕಿಲ್ಲ. ಆದರೆ ‘ನಿಮಿರು’, ‘ನಿಮಿರುವಿಕೆ’ ಎಂಬ ರೂಪಗಳು ಆರೋಗ್ಯದ ಬರಹಗಳಲ್ಲಿ ಬೇರೊಂದು ಅರ್ಥಕ್ಕೆ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿವೆಯೆಂದರೆ, ಇಪ್ಪತ್ತು ಹುಡುಗಿಯರ ತರಗತಿಯಲ್ಲಿ ಅದನ್ನು ಕರಿಹಲಗೆಯ ಮೇಲೆ ಬರೆದು ಪಾಠ ಮುಂದುವರಿಸುವ ಧೈರ್ಯ ನನಗಿಲ್ಲ. ಒಳ್ಳೆಯ ಪದವೊಂದು ಹೀಗೆ ಒಂದೇ ಅರ್ಥದ ಸೆರೆಗೆ ಬೀಳುವುದು ನ್ಯಾಯವಲ್ಲ ಎಂದುಕೊಂಡೇ ಅದನ್ನು ಕೈಬಿಟ್ಟೆ.

ಕಳೆದ ಸಲ ಊರಿಗೆ ಹೋದಾಗ ತಮ್ಮನ ಕಟಿಂಗಿಗೆಂದು ಜೊತೆಗೆ ಹೋಗಿ, ಅಂಗಡಿಯ ಕಾಕಾನನ್ನು ಇದೇ ಮಾತು ಕೇಳಿದೆ. ಡಿಗ್ರಿಯ ಲೆಕ್ಕ ಅವರಿಗೆ ಬೇಕಾಗಿಯೇ ಇರಲಿಲ್ಲ. ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಂಡಿದ್ದೇನೆ: “ಮಲಗಿಸಿ ಕತ್ತರಿ ಹಚ್ಚಿದ್ರ ದಂಡಿ ನಿಲ್ಲತೈತಿ, ಎಬ್ಬಿಸಿ ಹಚ್ಚಿದ್ರ ಹಗರ ಆಗತೈತಿ, ಅಷ್ಟ ನೋಡವ್ವಾ.” ಮಲಗಿಸುವುದು, ಎಬ್ಬಿಸುವುದು! ಹೊಳೆಯ ದಂಡೆಗೆ ನಾವು ಹೇಳುವ ‘ದಂಡಿ’ ಇಲ್ಲಿ ಒಂದೇ ಗೆರೆಗೆ ಒತ್ತಾಗಿ ನಿಂತ ತುದಿಗಳ ಅಂಚು. ನಮ್ಮ ಪುಸ್ತಕ ‘ವೆಯ್ಟ್ ಲೈನ್’ ಎನ್ನುವುದೂ ಅದನ್ನೇ. ಕಾಕಾ ಬೆರಳಿನಿಂದ ಹಿಡಿಯುವುದು ಕಡಿಮೆ. ಹಣಿಗೆಯನ್ನು ಕೂದಲೊಳಗೆ ತೂರಿಸಿ, ಅದನ್ನೇ ಓರೆ ಮಾಡಿ ಕೂದಲನ್ನು ಎಬ್ಬಿಸಿ, ಹಣಿಗೆಯ ಹಲ್ಲುಗಳಿಂದ ಹೊರಗೆ ಬಂದಷ್ಟನ್ನು ತೆಗೆಯುತ್ತಾರೆ. ಕತ್ತರಿಯ ಒಂದು ಅಲಗು ಹಣಿಗೆಗೆ ತಾಗಿ ಅಲುಗದೆ ನಿಂತಿರುತ್ತದೆ, ಹೆಬ್ಬೆರಳಿನ ಕಡೆಯ ಅಲಗು ಮಾತ್ರ ಆಡುತ್ತದೆ. ಆದ್ದರಿಂದ ಅವರ ‘ಎಬ್ಬಿಸು’ ಮತ್ತು ನಮ್ಮ ಪಾಠದ ‘ಎಲಿವೇಶನ್’ ಪೂರ್ತಿ ಒಂದೇ ಎಂದು ನಾನು ವಾದಿಸಲಾರೆ. ಅದೂ ಅಲ್ಲದೆ ಅವರು ಕತ್ತಿನ ಮೇಲೆ ಕೂದಲು ಮುಗಿಯುವ ಅಂಚಿಗೂ ‘ದಂಡಿ’ ಎಂದೇ ಹೇಳಿದರು. ಟಿಪ್ಪಣಿ ಬರೆಯುವವಳಿಗೆ ಅದೊಂದು ಹೊಸ ಗೊಂದಲ.

ಆದರೂ ಮಲಗು, ಏಳು ಎಂಬ ಜೋಡಿಯನ್ನು ಹಿಡಿದು ನೋಡಿದಾಗ ನಾಲ್ಕು ಸ್ಥಿತಿಗಳಿಗೂ ಹೆಸರು ಸಿಗುವಂತೆ ಕಂಡಿತು. 0 ಡಿಗ್ರಿಯದು ಮಲಗಿದ ಕೂದಲು, 45 ಡಿಗ್ರಿಯದು ಅರೆಯೆದ್ದ ಕೂದಲು, 90 ಡಿಗ್ರಿಯದು ಎದ್ದು ನಿಂತ ಕೂದಲು. ಮಲಗಿದವನು ಯಾವುದರ ಮೇಲೆ ಮಲಗಿದ್ದಾನೋ ಅದರಿಂದಲೇ ಏಳಬೇಕು. ಆದ್ದರಿಂದ ಅಳತೆ ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಪದದಲ್ಲಿಯೇ ಇದೆ. ಉಳಿದದ್ದು 180. ಕೆಳಮುಖವಾಗಿ ಬಿದ್ದಿದ್ದ ಕೂದಲು ತಲೆಯ ಮೇಲೆ ಹಾದು ಪೂರ್ತಿ ಮೇಲ್ಮುಖವಾದ ಸ್ಥಿತಿ ಅದು. ಇದಕ್ಕೆ ಗ್ರಂಥಗಳ ಕನ್ನಡದಲ್ಲಿ ‘ಮಗುಚಿದ’ ಎನ್ನಬಹುದು. ನನಗೆ ಮಾತ್ರ, ಹಂಚಿನ ಮೇಲಿನ ರೊಟ್ಟಿಗೆ ನಾವು ಹೇಳುವ ‘ಹೊಳ್ಳಿ ಹಾಕು’ ಎಂಬುದೇ ಮೊದಲು ನೆನಪಾದದ್ದು: ಹೊಳ್ಳಿ ಹಾಕಿದ ಕೂದಲು. ಮೈಸೂರು ಕಡೆಯವರಿಗೆ ಇದು ತಿಳಿಯುವುದೋ ಇಲ್ಲವೋ, ಅಲ್ಲಿಯ ಸದಸ್ಯರೇ ಹೇಳಬೇಕು.

ಕ್ರಿಯಾಪದ ಸಿಕ್ಕಿತು, ನಾಮಪದ ಸಿಗಲಿಲ್ಲ. ಪರೀಕ್ಷೆಯಲ್ಲಿ ‘ಎಲಿವೇಶನ್ ಎಂದರೇನು’ ಎಂದು ಕೇಳಿದಾಗ ನಾಮಪದವೇ ಬೇಕು. ‘ಏಳು’ ಧಾತುವಿನಿಂದ ಬಂದ ‘ಏಳಿಗೆ’ ಈಗಾಗಲೇ ಅಭ್ಯುದಯಕ್ಕೆ ಸಂದುಹೋಗಿದೆ. ‘ಕೂದಲಿನ ಏಳಿಗೆ’ ಎಂದು ಬರೆದರೆ ಎಣ್ಣೆಯ ಜಾಹೀರಾತಾಗುತ್ತದೆ. ‘ಏರಿಕೆ’ಯನ್ನು ಬೆಲೆಗಳು ಹಿಡಿದುಕೊಂಡಿವೆ. ಹಳಗನ್ನಡದಲ್ಲಿ ಎತ್ತು ಎಂಬ ಅರ್ಥದ ‘ನೆಗಪು’, ನಡುಗನ್ನಡದಲ್ಲಿ ‘ನೆಗಹು’ ಇದ್ದವು. ನಮ್ಮ ಅಜ್ಜಿ ತುಂಬಿದ ಕೊಡವನ್ನು ‘ನೆಗವು’ ಎನ್ನುತ್ತಿದ್ದರು. ಕೇಳಲು ಚೆನ್ನಾಗಿದೆ, ಆದರೆ ಅದರಲ್ಲಿಯೂ ಭಾರವನ್ನು ಮೇಲಕ್ಕೆತ್ತುವ ಅರ್ಥವೇ ಮುಂದಾಗಿ ನಿಲ್ಲುವುದರಿಂದ ಮಾಳಿಗೆಯ ಕಡೆಗೆ ಎತ್ತಿದ ಕೈ ಮತ್ತೆ ಅಲ್ಲಿಗೇ ಹೋಗುವ ಭಯವಿದೆ. ಕೊನೆಗೆ ನಂಬು, ನಂಬಿಕೆ; ಹೆದರು, ಹೆದರಿಕೆ ಎಂಬಂತೆ ‘ಎಬ್ಬು’ವಿನಿಂದ ‘ಎಬ್ಬಿಕೆ’ ಎಂದು ಮಾಡಿಕೊಂಡೆ. ‘90 ಡಿಗ್ರಿ ಎಬ್ಬಿಕೆ’ ಎಂದು ಈಗ ಟಿಪ್ಪಣಿಯಲ್ಲಿ ಬರೆಯುತ್ತಿದ್ದೇನೆ. ವ್ಯಾಕರಣ ಬಲ್ಲವರು ಇದು ಆಗುವ ಮಾತೇ ಎಂದು ತಿಳಿಸಬೇಕು.

ಇದರ ಜೊತೆಯಲ್ಲಿಯೇ ಎರಡು ಚಿಕ್ಕ ಸಂಶಯಗಳಿವೆ. ‘ಲೇಯರ್’ ಎಂಬುದಕ್ಕೆ ‘ಪದರು’ ಎಂದು ಬರೆದೆ. ತರಗತಿಯ ಮರಾಠಿ ಗೆಳತಿಯರು ಸೀರೆಯ ಸೆರಗಿಗೆ ‘ಪದರ’ ಎನ್ನುವವರು, ‘ಪದರು ಕತ್ತರಿಸುವ ವಿಧಾನ’ ಎಂಬ ಶೀರ್ಷಿಕೆ ಕೇಳಿ ಸೆರಗನ್ನು ಕತ್ತರಿಸುವುದು ಯಾವ ಪಾಠವೆಂದು ನಕ್ಕರು. ಮರಾಠಿಯಲ್ಲಿಯೂ ಆ ಪದಕ್ಕೆ ಮಡಿಕೆ, ಪೊರೆ ಎಂಬ ಅರ್ಥಗಳಿರುವುದರಿಂದ ನಾನು ಅದನ್ನು ಬದಲಿಸಿಲ್ಲ. ಹಣಿಗೆಗೆ ಅವರು ‘ಫಣಿ’ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಫಣಿ ಇರುವುದು ಮಗ್ಗದ ಮೇಲೆ, ಹಾಸಿನ ಎಳೆಗಳನ್ನು ಬೇರೆಬೇರೆಯಾಗಿ ಇಡುವುದಕ್ಕೆ. ಅದೂ ಇದೂ ಮಾಡುವ ಕೆಲಸ ಒಂದೇ ಆದ್ದರಿಂದ ಅಲ್ಲಿ ಜಗಳವೇ ಹುಟ್ಟಲಿಲ್ಲ.

ಇನ್ನೊಂದು ‘ಗೈಡ್’. ಮೊದಲು ಕತ್ತರಿಸಿ, ಉಳಿದ ಕೂದಲಿಗೆ ಅಳತೆಯಾಗಿ ಇಟ್ಟುಕೊಳ್ಳುವ ಸಾಲು ಅದು. ಟೇಲರರು ಹೇಳುವ ‘ಮಾಪು’ ಇದಕ್ಕೆ ಸರಿಯಾಗಿ ಹೊಂದುತ್ತದೆ. ಆದರೆ ಗೈಡಿನಲ್ಲಿ ಎರಡು ಬಗೆ: ಒಂದೇ ಜಾಗದಲ್ಲಿ ಇದ್ದು ಉಳಿದ ಕೂದಲನ್ನೆಲ್ಲ ತನ್ನ ಹತ್ತಿರಕ್ಕೆ ಕರೆಸಿಕೊಳ್ಳುವುದು ಒಂದು, ಪ್ರತಿ ಸಾಲಿನಿಂದ ಸ್ವಲ್ಪ ಸ್ವಲ್ಪ ಕೂದಲನ್ನು ಮುಂದಿನ ಸಾಲಿಗೆ ಸೇರಿಸಿಕೊಳ್ಳುತ್ತ ತಾನೇ ಮುಂದಕ್ಕೆ ಹೋಗುವುದು ಇನ್ನೊಂದು. ಬಸವನ ಬಾಗೇವಾಡಿಯ ಗೆಳತಿಯೊಬ್ಬಳು ತಡಮಾಡದೆ ‘ಸ್ಥಾವರ ಮಾಪು, ಜಂಗಮ ಮಾಪು’ ಎಂದುಬಿಟ್ಟಳು. ಆ ಊರಿನವಳ ಬಾಯಲ್ಲಿ ಅದು ಬರದೆ ಇನ್ನೇನು ಬಂದೀತು! ಅರ್ಥದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ಆದರೆ ನಮ್ಮ ಕಡೆ ಜಂಗಮ ಎಂದರೆ ಜನ ಮೊದಲು ಅಯ್ಯನವರನ್ನು ನೆನೆಯುವುದರಿಂದ, ಸದ್ಯಕ್ಕೆ ‘ನಿಂತ ಮಾಪು, ನಡೆಯುವ ಮಾಪು’ ಎಂದು ಇಟ್ಟುಕೊಂಡಿದ್ದೇನೆ.

ತಲೆಯ ಭಾಗಗಳಿಗೆ ಇಂಥ ಕಷ್ಟ ಬರಲಿಲ್ಲ. ನೆತ್ತಿ, ಮುಂದಲೆ, ಹಿಂದಲೆ, ಕಣತಲೆ, ಹೆಡಕು, ಬೈತಲೆ, ಸುಳಿ ಎಲ್ಲವೂ ಸಿದ್ಧವಾಗಿಯೇ ಇದ್ದವು, ಮತ್ತು ಸುಳಿ ಇರುವ ಕಡೆ ಕೂದಲನ್ನು ತೀರ ಗಿಡ್ಡ ಮಾಡಿದರೆ ಅದು ನೆಟ್ಟಗೆ ಎದ್ದು ನಿಲ್ಲುತ್ತದೆ ಎಂಬ ಪಾಠದ ಮಾತು ಮನೆಯ ಹಿರಿಯರಿಗೂ ಗೊತ್ತಿದ್ದದ್ದೇ. ಅಲ್ಲಿ ‘ಎದ್ದು ನಿಲ್ಲು’ ಎಂದೇ ಹೇಳುತ್ತೇವೆ ಎಂಬುದನ್ನು ಈ ವಾಕ್ಯ ಬರೆಯುವಾಗ ಗಮನಿಸಿದೆ; ಇದು ‘ಎಬ್ಬಿಕೆ’ಯ ಪರವಾದ ಇನ್ನೊಂದು ಸಾಕ್ಷಿ ಎಂದು ಎಣಿಸಬಹುದೇನೋ.

ಬಲ್ಲವರಲ್ಲಿ ನನ್ನ ಕೇಳಿಕೆ ಇಷ್ಟು. ಕೂದಲನ್ನು ಚರ್ಮದಿಂದ ಇಂತಿಷ್ಟು ಕೋನಕ್ಕೆ ಬಿಡಿಸಿ ಹಿಡಿಯುವುದಕ್ಕೆ ‘ಎಬ್ಬಿಕೆ’ಗಿಂತ ಒಳ್ಳೆಯ ಪದ, ಬಳಕೆಯಲ್ಲಿರುವುದಾಗಲಿ ಹಳೆಯದಾಗಲಿ, ತಮಗೆ ತಿಳಿದಿದೆಯೇ? ಜಮಖಂಡಿ, ಅಥಣಿ, ಇಂಡಿ, ಮುದ್ದೇಬಿಹಾಳದ ಕಡೆಯ ಅಂಗಡಿಗಳಲ್ಲಿ ಎಬ್ಬಿಸು, ನಿಗರಿಸು, ಎತ್ತು ಇವುಗಳಲ್ಲಿ ಯಾವುದು ಕಿವಿಗೆ ಬೀಳುತ್ತದೆ? 180 ಡಿಗ್ರಿಗೆ ‘ಮಗುಚಿದ’ ಒಳ್ಳೆಯದೋ, ‘ಹೊಳ್ಳಿ ಹಾಕಿದ’ ಒಳ್ಳೆಯದೋ? ಬರುವ ತಿಂಗಳು ಕೊಠಡಿಯ ಗೋಡೆಗೆ ನಾಲ್ಕು ತಲೆಗಳ ಚಿತ್ರವಿರುವ ಚಾರ್ಟ್ ಬರೆಯುವುದಿದೆ. ಚಿತ್ರಗಳು ಮುಗಿದಿವೆ, ಕೆಳಗಿನ ಹೆಸರುಗಳನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.