ಬ್ರಿಟನ್ ಹೊರಬಂದ ಕತೆಯೂ ನಮ್ಮ ಮನೆಯ ಬಾವಿಯೂ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ 38 ಜನ ಇದ್ದೇವೆ. ಬೆಳಿಗ್ಗೆ ದೇವರ ಫೋಟೊ, ಹಬ್ಬಕ್ಕೆ ಶುಭಾಶಯ, ಯಾರಿಗಾದರೂ ಹುಷಾರಿಲ್ಲ ಅಂದರೆ ವಿಚಾರಣೆ. ಸಾಮಾನ್ಯವಾಗಿ ಅಷ್ಟೇ. ಮೊನ್ನೆ ಶನಿವಾರ ಮಾತ್ರ ರಾತ್ರಿ ಎಂಟರಿಂದ ಹನ್ನೊಂದೂವರೆವರೆಗೆ ಜಗಳ ನಡೆಯಿತು. ಊರಿನಲ್ಲಿರುವ ಚಿಕ್ಕಪ್ಪ ಹಾಕಿದ ಈ ಫಾರ್ವರ್ಡ್‌ನಿಂದ ಶುರುವಾಯಿತು.

“ಬ್ರಿಟನ್ ಒಂದೇ ಏಟಿಗೆ ಯುರೋಪ್ ಒಕ್ಕೂಟದಿಂದ ಹೊರಬಂತು. ವಾರಕ್ಕೆ 35 ಕೋಟಿ ಪೌಂಡ್ ಉಳಿಸಿ ಆಸ್ಪತ್ರೆಗಳಿಗೆ ಕೊಡುತ್ತಿದೆ. ಗಂಡೆದೆ ಅಂದರೆ ಇದು. ನಾವೂ ಎಲ್ಲ ವ್ಯಾಪಾರ ಒಪ್ಪಂದಗಳನ್ನು ಹರಿದು ಹಾಕಬೇಕು. ಇಲ್ಲದಿದ್ದರೆ ನಾಳೆ ನಮ್ಮ ರೈತನ ಹಾಲನ್ನು ಕೇಳುವವರೇ ಇರುವುದಿಲ್ಲ. ಹತ್ತು ಜನರಿಗೆ ಕಳಿಸಿ.”

ಚಿಕ್ಕಪ್ಪನ ಮನೆಯಲ್ಲಿ ನಾಲ್ಕು ಹಸು. ಎರಡು ಹೊತ್ತೂ ಡೈರಿಗೆ ಹಾಲು ಹಾಕುತ್ತಾರೆ. ಅವರು ಓದಿದ್ದು ಹಾಲಿನ ಸಾಲನ್ನು ಮಾತ್ರ, ನನಗೆ ಗ್ಯಾರಂಟಿ. 2019ರಲ್ಲಿ ಆರ್‌ಸಿಇಪಿ ಅಂದರೆ ಏಷ್ಯಾದ ಹಲವು ದೇಶಗಳ ಜೊತೆ, ನ್ಯೂಜಿಲೆಂಡ್ ಜೊತೆ ಸುಂಕ ಇಳಿಸುವ ವ್ಯಾಪಾರ ಒಪ್ಪಂದದ ಮಾತು ಬಂದಾಗ, ನ್ಯೂಜಿಲೆಂಡ್ ಹಾಲಿನ ಪುಡಿ ಬಂದು ಬೀಳುತ್ತದೆ ಅಂತ ಅವರು ಎಷ್ಟೋ ರಾತ್ರಿ ನಿದ್ದೆ ಮಾಡಿರಲಿಲ್ಲ. ಆ ಹೆದರಿಕೆ ಸುಳ್ಳಲ್ಲ. ಅದಕ್ಕೇ ಕಳಿಸಿದ್ದು.

ಮೊದಲು ಬಂದವನು ದೊಡ್ಡಪ್ಪನ ಮಗ. ನನಗೆ ಅಣ್ಣ.

ಅಣ್ಣ: ಚಿಕ್ಕಪ್ಪ, ಇದರ ಮೂಲ ಎಲ್ಲಿದೆ? ಯಾವ ಪತ್ರಿಕೆ?

ಚಿಕ್ಕಪ್ಪ: ಡೈರಿ ಸೆಕ್ರೆಟರಿ ಕಳಿಸಿದರು.

ಅಣ್ಣ: ಅದು ಮೂಲ ಅಲ್ಲ. ಅವರಿಗೆ ಯಾರು ಕಳಿಸಿದರು?

ಚಿಕ್ಕಪ್ಪ: ನೀನು ಚಿಕ್ಕಂದಿನಿಂದ ಹೀಗೇ. ಅಜ್ಜಿ ಕತೆ ಹೇಳಿದರೂ ಅದನ್ನು ಯಾರು ನೋಡಿದ್ದು ಅಂತ ಕೇಳುತ್ತಿದ್ದೆ.

ಅಷ್ಟು ಹೊತ್ತಿಗೆ ಮೈಸೂರಿನಿಂದ ದೊಡ್ಡಪ್ಪ ಬಂದರು. ನಿವೃತ್ತ ಮೇಷ್ಟ್ರು. “ಕೂಡಿ ಬಾಳಿದರೆ ಸ್ವರ್ಗ ಸುಖ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. 28 ದೇಶಗಳು ಒಂದೇ ಸೂರಿನ ಕೆಳಗೆ ಇದ್ದವು. ಒಬ್ಬರ ಹಟದಿಂದ ಮನೆ ಒಡೆಯಿತು. ಒಡೆಯುವುದು ಸುಲಭ, ಕಟ್ಟುವುದು ಕಷ್ಟ. ಇಂದಿನ ಮಕ್ಕಳು ಇದನ್ನು ತಿಳಿಯಬೇಕು.”

ಚಿಕ್ಕಪ್ಪ ನಾಲ್ಕು ನಿಮಿಷ ಟೈಪ್ ಮಾಡುತ್ತಲೇ ಇದ್ದರು. ಬಂದಿದ್ದು ಒಂದೇ ಸಾಲು. “ಅಣ್ಣಾ, 2003ರಲ್ಲಿ ಪಾಲು ಬೇಕು ಅಂತ ಮೊದಲು ಕೇಳಿದ್ದು ಯಾರು?”

ಅಲ್ಲಿಗೆ ಬ್ರಿಟನ್ ಪಕ್ಕಕ್ಕೆ ಹೋಯಿತು.

ನಮ್ಮದು ತಿಪಟೂರಿನ ಹತ್ತಿರದ ಊರು. ದೊಡ್ಡಪ್ಪ, ನಮ್ಮ ಅಪ್ಪ, ಚಿಕ್ಕಪ್ಪ, ಮೂರು ಪಾಲು. ತೋಟದಲ್ಲಿ ಒಂದೇ ಬಾವಿ. ಅಳತೆ ಹಾಕಿದ ಮೇಲೆ ಬಾವಿ ದೊಡ್ಡಪ್ಪನ ಪಾಲಿಗೆ ಬಿತ್ತು. ಅಲ್ಲಿಗೆ ಹೋಗುವ ಗಾಡಿದಾರಿ ಚಿಕ್ಕಪ್ಪನ ಪಾಲಿಗೆ. ಮೋಟರ್ ನಮ್ಮ ಅಪ್ಪ ಸಾಲ ಮಾಡಿ ತಂದಿದ್ದು. ಪಾಲಾಗಬೇಕು ಅನ್ನುವುದು ಒಂದೇ ಸಂಜೆ ತೀರ್ಮಾನವಾಯಿತು. ನೀರಿನ ಸರದಿ ಹೇಗೆ ಅನ್ನುವುದು ಆರು ವರ್ಷ ಎಳೆಯಿತು. ಆಮೇಲೆ ದೊಡ್ಡಪ್ಪನ ತೋಟ ಗುತ್ತಿಗೆಗೆ ಮಾಡಿದವರು ಸ್ಟಾರ್ಟರ್ ಬಾಕ್ಸಿಗೆ ಬೀಗ ಹಾಕಿಕೊಂಡು ಊರಿಗೆ ಹೋದರು. ಹನ್ನೊಂದು ದಿನ ಚಿಕ್ಕಪ್ಪನ ಸಸಿಗಳಿಗೆ ನೀರಿಲ್ಲ. ಇದೆಲ್ಲ ಗುಂಪಿನಲ್ಲಿ ಮತ್ತೆ ಬಂತು.

ನನಗೆ ತಡೆಯಲಾಗಲಿಲ್ಲ. ಇವರು ಆಡುತ್ತಿರುವುದೇ ಬ್ರಿಟನ್ ಕತೆ ಅಲ್ವಾ ಅನಿಸಿತು. ಹೀಗೆ ಬರೆದೆ:

“ಚಿಕ್ಕಪ್ಪ, ಬ್ರಿಟನ್ ಒಂದೇ ಏಟಿಗೆ ಹೊರಬರಲಿಲ್ಲ. 2016ರ ಜೂನ್ 23ಕ್ಕೆ ಜನ ಓಟು ಹಾಕಿದರು. ಶೇ 51.9 ಬಿಡೋಣ, ಶೇ 48.1 ಇರೋಣ. ಹೊರಬಂದಿದ್ದು 2020ರ ಜನವರಿ 31ಕ್ಕೆ. ಚೀಟಿಯಲ್ಲಿ ಇರಬೇಕಾ, ಬಿಡಬೇಕಾ ಅಂತ ಮಾತ್ರ ಇತ್ತು. ಹೇಗೆ ಬಿಡಬೇಕು ಅಂತ ಜನರನ್ನು ಕೇಳಲೇ ಇಲ್ಲ. ಜಗಳ ಆಗಿದ್ದು ಅದಕ್ಕೆ. ನಾರ್ವೆ ಥರ ಯುರೋಪಿನ ಮಾರುಕಟ್ಟೆ ಒಳಗೇ ಉಳಿಯೋಣ ಅಂದರು ಕೆಲವರು. ಸುಂಕದ ಒಕ್ಕೂಟ, ಅಂದರೆ ಒಳಗಿನವರ ನಡುವೆ ಸುಂಕ ಇಲ್ಲ, ಹೊರಗಿನವರಿಗೆ ಎಲ್ಲರದೂ ಒಂದೇ ಸುಂಕ ಅನ್ನುವ ಏರ್ಪಾಡು ಉಳಿಸಿಕೊಂಡರೆ ಸಾಕು ಅಂದರು ಕೆಲವರು. ಕೆನಡಾ ಥರ ಬರೀ ವ್ಯಾಪಾರ ಒಪ್ಪಂದ ಮಾಡಿಕೊಳ್ಳೋಣ ಅಂದವರಿದ್ದರು. ಯಾವ ಒಪ್ಪಂದವೂ ಬೇಡ, ಎದ್ದು ಬರೋಣ ಅಂದವರೂ ಇದ್ದರು. ಇನ್ನೊಮ್ಮೆ ಓಟು ಹಾಕಿಸಿ ಅಂತ ಲಂಡನ್ ಬೀದಿಗೆ ಲಕ್ಷಾಂತರ ಜನ ಬಂದರು. ಪ್ರಧಾನಿ ತೆರೆಸಾ ಮೇ ತಂದ ಒಪ್ಪಂದ 2019ರ ಜನವರಿ 15ಕ್ಕೆ 432–202ರಲ್ಲಿ ಬಿದ್ದುಹೋಯಿತು. ಇನ್ನೂ ಎರಡು ಸಲ ಬಿತ್ತು. ಮಾರ್ಚ್ 27ಕ್ಕೆ ಸಂಸತ್ತಿನ ಮುಂದೆ ಎಂಟು ದಾರಿ ಇಟ್ಟರು. ಎಂಟರಲ್ಲಿ ಒಂದಕ್ಕೂ ಬಹುಮತ ಸಿಗಲಿಲ್ಲ. ಏಪ್ರಿಲ್ 1ಕ್ಕೆ ಸುಂಕದ ಒಕ್ಕೂಟದ ದಾರಿ ಮೂರೇ ಓಟಿನಿಂದ ಸೋತಿತು. ಬಿಡಬೇಕು ಅಂದವರೇ ಹೇಗೆ ಬಿಡಬೇಕು ಅನ್ನುವುದರಲ್ಲಿ ಒಂದಾಗಲಿಲ್ಲ.”

ಇಷ್ಟು ಬರೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಯಾರೂ ಓದಲಿಲ್ಲ. ಅತ್ತೆ ಎರಡು ಕೈ ಮುಗಿಯುವ ಚಿತ್ರ ಹಾಕಿದರು. ಶಿವಮೊಗ್ಗದ ಅತ್ತೆಯ ಮಗ, “ಬಾವಿ ಅಂದಕೂಡಲೇ ನೆನಪಾಯಿತು. ಬೇಸಿಗೆ ರಜೆಯಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ಮಾವ ನನ್ನನ್ನು ಅದರೊಳಗೆ ಎಸೆದಿದ್ದರು. ಮೇಲೆ ಬಂದ ಮೇಲೆ ಬೆಲ್ಲ, ಹುರಿಗಡಲೆ. ಆ ಬೆಲ್ಲ ಈಗೆಲ್ಲಿ?” ಅಂತ ಬರೆದ. ಅದಕ್ಕೆ ಹದಿನಾಲ್ಕು ಹೃದಯ ಬಿತ್ತು. “ಅಂದಹಾಗೆ ನಮ್ಮ ಕರ್ನಾಟಕದ ಅಳಿಯ ರಿಷಿ ಸುನಕ್ ಅಲ್ಲಿ ಪ್ರಧಾನಿ ಆಗಿದ್ದರಲ್ಲ, ಅವರು ಯಾವ ಕಡೆ?” ಅಂತಲೂ ಕೇಳಿದ.

“ಬಿಡುವ ಕಡೆ,” ಅಂದ ಅಣ್ಣ. “2016ರಲ್ಲೇ.”

ಆಗ ಅತ್ತೆ ಬರೆದರು. ಅವರು ಅಪ್ಪನ ತಂಗಿ, ಜಾಸ್ತಿ ಮಾತಾಡುವವರಲ್ಲ. “ಪಾಲು ಮೊದಲು ಯಾರು ಕೇಳಿದರು ಅಂತ ನೀವು ಅಣ್ಣತಮ್ಮಂದಿರು ಜಗಳ ಆಡಿ. ನಮ್ಮಿಬ್ಬರು ಅಕ್ಕತಂಗಿಯರನ್ನು ಕರೆದಿದ್ದು ಸಹಿ ಹಾಕುವುದಕ್ಕೆ ಮಾತ್ರ. ಅವತ್ತು ಊಟ ಚೆನ್ನಾಗಿತ್ತು.”

ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ.

ಮೌನ ಮುರಿದಿದ್ದು ನನ್ನ ಅಕ್ಕ. ಅವಳಿರುವುದು ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್‌ನಲ್ಲಿ. ಬೆಲ್‌ಫಾಸ್ಟ್‌ನ ಆಸ್ಪತ್ರೆಯಲ್ಲಿ ನರ್ಸ್. ಅಲ್ಲಿ ಆಗ ಮಧ್ಯಾಹ್ನ.

ಅಕ್ಕ: ಅತ್ತೆ, ನೀವು ಹೇಳಿದ್ದನ್ನೇ ಇಲ್ಲಿಯ ಜನವೂ ಹೇಳುತ್ತಾರೆ. ಉತ್ತರ ಐರ್ಲೆಂಡ್‌ನಲ್ಲಿ ಶೇ 55.8 ಜನ, ಸ್ಕಾಟ್ಲೆಂಡ್‌ನಲ್ಲಿ ಶೇ 62 ಜನ ಇರೋಣ ಅಂದಿದ್ದರು. ಒಟ್ಟು ಲೆಕ್ಕದಲ್ಲಿ ಬಿಡೋಣ ಅನ್ನುವವರು ಗೆದ್ದರು. ಇವರೂ ಹೊರಗೆ ಬರಬೇಕಾಯಿತು.

ಆಮೇಲೆ ಅವಳು ಕಳಿಸಿದ್ದು ಧ್ವನಿ ಸಂದೇಶ. ಅದನ್ನು ಮೂರು ಸಲ ಕೇಳಿದೆ. “ಬೆಲ್‌ಫಾಸ್ಟ್‌ನಿಂದ ಡಬ್ಲಿನ್‌ಗೆ ಕಾರಿನಲ್ಲಿ ಎರಡು ಗಂಟೆ. ಡಬ್ಲಿನ್ ಇರುವುದು ದಕ್ಷಿಣದ ಐರ್ಲೆಂಡ್‌ನಲ್ಲಿ. ಅದು ಬೇರೆ ದೇಶ, ಯುರೋಪ್ ಒಕ್ಕೂಟದಲ್ಲೇ ಉಳಿದಿದೆ. ಗಡಿ ಹತ್ತಿರದ ನ್ಯೂರಿ ಪಟ್ಟಣ ದಾಟಿದ ಮೇಲೆ ಎಲ್ಲಿ ದೇಶ ಬದಲಾಯಿತು ಅಂತ ಗೊತ್ತೇ ಆಗುವುದಿಲ್ಲ. ವೇಗದ ಬೋರ್ಡಿನಲ್ಲಿ ಮೈಲಿ ಹೋಗಿ ಕಿಲೋಮೀಟರ್ ಬರುತ್ತದೆ. ರಸ್ತೆ ಅಂಚಿನ ಬಿಳಿ ಗೆರೆ ಹಳದಿ ಆಗುತ್ತದೆ. ಅಷ್ಟೇ. ಸುಮಾರು 500 ಕಿಲೋಮೀಟರ್ ಗಡಿ, 200ಕ್ಕೂ ಜಾಸ್ತಿ ಕಡೆ ದಾಟಬಹುದು. 1998ರ ಶಾಂತಿ ಒಪ್ಪಂದಕ್ಕೆ ಮುಂಚೆ ಅಲ್ಲಿ ಸೈನಿಕರು ನಿಂತಿರುತ್ತಿದ್ದರು. ಬ್ರಿಟನ್ ಜೊತೆ ಇರಬೇಕೋ ಐರ್ಲೆಂಡ್ ಜೊತೆ ಸೇರಬೇಕೋ ಅಂತ ನಡೆದ ಮೂವತ್ತು ವರ್ಷದ ಗಲಭೆಯಲ್ಲಿ ಸುಮಾರು 3,500 ಜನ ಸತ್ತರು. ಬ್ರಿಟನ್ ಹೊರಬಂದ ಮೇಲೆ ಒಕ್ಕೂಟದ ಕಡೆ ಹೋಗುವ ಸಾಮಾನನ್ನು ಎಲ್ಲಾದರೂ ತಪಾಸಣೆ ಮಾಡಬೇಕಿತ್ತು. ಆ ಗಡಿಯಲ್ಲಿ ಮತ್ತೆ ತಪಾಸಣೆ ಇಡುವ ಧೈರ್ಯ ಯಾರಿಗೂ ಇರಲಿಲ್ಲ. ಅದಕ್ಕೆ ಬ್ರಿಟನ್ನಿನ ಬೇರೆ ಭಾಗದಿಂದ ಇಲ್ಲಿಗೆ ಹಡಗಿನಲ್ಲಿ ಬರುವ ಸಾಮಾನಿನ ಮೇಲೆ ತಪಾಸಣೆ ಇಟ್ಟರು. ಒಂದೇ ದೇಶದ ಒಳಗೆ! ಬ್ರಿಟನ್ ಜೊತೆಗೇ ಇರಬೇಕು ಅನ್ನುವವರಿಗೆ ಅದು ತುಂಬಾ ನೋವಾಯಿತು. ಆ ಸಿಟ್ಟಿಗೆ 2022ರ ಫೆಬ್ರುವರಿಯಿಂದ ಎರಡು ವರ್ಷ ಇಲ್ಲಿಯ ಸರ್ಕಾರವೇ ನಡೆಯಲಿಲ್ಲ.”

ಹಿಂದೆಯೇ ಒಂದು ಫೋಟೊ. ಅವಳ ಫ್ರಿಜ್‌ನಲ್ಲಿದ್ದ ಮೊಸರಿನ ಡಬ್ಬಿ. ಮುಚ್ಚಳದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ “ನಾಟ್ ಫಾರ್ ಇಯು” ಅಂತ ಇದೆ. ಇಯು ಅಂದರೆ ಯುರೋಪ್ ಒಕ್ಕೂಟ. ಬ್ರಿಟನ್ನಿನಿಂದ ಬಂದ ಈ ಮೊಸರನ್ನು ಗಡಿ ದಾಟಿಸಿ ಮಾರುವಂತಿಲ್ಲ ಅಂತ ಅರ್ಥ. 2023ರಲ್ಲಿ ಸುನಕ್ ಒಕ್ಕೂಟದ ಜೊತೆ ಮಾಡಿಕೊಂಡ ವಿಂಡ್ಸರ್ ಒಪ್ಪಂದದ ಪ್ರಕಾರ ಆ ಅಕ್ಟೋಬರ್‌ನಿಂದ ಒಂದೊಂದೇ ಸಾಮಾನಿನ ಮೇಲೆ ಇದು ಬರುತ್ತಾ ಹೋಯಿತು.

ಅಣ್ಣ: ಮೂಲ?

ಅಕ್ಕ: ನನ್ನ ಫ್ರಿಜ್.

ಚಿಕ್ಕಪ್ಪ ಮೊದಲ ಸಲ ಸರಿಯಾಗಿ ಪ್ರಶ್ನೆ ಕೇಳಿದರು. “ಹಂಗಾದರೆ ಅಲ್ಲಿಯ ರೈತರ ಹಾಲು ಏನಾಯಿತು?” ಅಕ್ಕ ಹೇಳಿದಳು: ಉತ್ತರದ ಹಾಲಿನಲ್ಲಿ ಸುಮಾರು ಮೂರನೇ ಒಂದು ಪಾಲು ಗಡಿಯಾಚೆ ದಕ್ಷಿಣದ ಡೈರಿಗಳಿಗೆ ಹೋಗುತ್ತದೆ. ಗಡಿ ಮುಚ್ಚಿದ್ದರೆ ಆ ಟ್ಯಾಂಕರ್‌ಗಳು ನಿಲ್ಲುತ್ತಿದ್ದವು. ಗಡಿ ತೆರೆದಿಟ್ಟಿದ್ದಕ್ಕೆ ಹಾಲು ಹೋಗುತ್ತಿದೆ.

“ಟ್ಯಾಂಕರ್ ಒಂದು ದಿನ ಬರದಿದ್ದರೆ ಹಾಲನ್ನು ಚರಂಡಿಗೆ ಚೆಲ್ಲಬೇಕು,” ಅಂತ ಬರೆದರು ಚಿಕ್ಕಪ್ಪ. ಅವರಿಗೆ ಯುರೋಪ್ ಒಕ್ಕೂಟ ಅರ್ಥವಾಗಿದ್ದು ಆ ಟ್ಯಾಂಕರ್‌ನಿಂದ.

ಆ 35 ಕೋಟಿಯ ಸುದ್ದಿಯನ್ನೂ ಅಕ್ಕನೇ ಬಿಡಿಸಿದಳು. ಅದು ಬಿಡೋಣ ಅನ್ನುವವರ 2016ರ ಪ್ರಚಾರದ ಕೆಂಪು ಬಸ್ಸಿನ ಮೇಲೆ ಇದ್ದ, ಬ್ರಿಟನ್ ಒಕ್ಕೂಟಕ್ಕೆ ಕಟ್ಟುವ ದುಡ್ಡಿನ ಲೆಕ್ಕ. ಬ್ರಿಟನ್‌ಗೆ ಸಿಗುತ್ತಿದ್ದ ರಿಯಾಯಿತಿಯನ್ನು ಕಳೆಯದೆ ಹಾಕಿದ್ದು. ದಾರಿ ತಪ್ಪಿಸುವ ಲೆಕ್ಕ ಅಂತ ಅಲ್ಲಿನ ಅಂಕಿಅಂಶ ಪ್ರಾಧಿಕಾರವೇ ಹೇಳಿತ್ತು. ಅಣ್ಣ ಇನ್ನೊಂದು ಸೇರಿಸಿದ: ಭಾರತ ಆರ್‌ಸಿಇಪಿಯಿಂದ 2019ರ ನವೆಂಬರ್ 4ಕ್ಕೆ ಹಿಂದೆ ಸರಿದಿದ್ದು ಸಹಿ ಹಾಕುವ ಮೊದಲು. ಹೊಸಿಲು ದಾಟದೆ ವಾಪಸ್ ಬಂದಿದ್ದು. ಬ್ರಿಟನ್ ಥರ 47 ವರ್ಷ ಒಳಗೆ ಸಂಸಾರ ಮಾಡಿ ಹೊರಬರುವುದು ಬೇರೆ. ಈ ಮಾತು ನನಗೆ ಪೂರ್ತಿ ಸರಿ ಅನಿಸಿತು. ಹೊರಬಂದಿದ್ದು ಸರಿಯೋ ತಪ್ಪೋ ಅನ್ನುವುದು ಆ ದೇಶದವರಿಗೆ ಬಿಟ್ಟಿದ್ದು. ನನಗೆ ಸಂಕಟ ಆಗುವುದು ಬಾವಿಯ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದಕ್ಕೆ. ಪ್ರಚಾರದ ಹೊತ್ತಿನಲ್ಲಿ ಐರ್ಲೆಂಡ್ ಗಡಿ ಬಗ್ಗೆ ಬಾಯಿಬಿಟ್ಟವರು ತುಂಬಾ ಕಮ್ಮಿ. ಆಮೇಲೆ ಎಲ್ಲವೂ ಸಿಕ್ಕಿಕೊಂಡಿದ್ದು ಅಲ್ಲೇ.

ನಮ್ಮ ಅಪ್ಪ ಅವತ್ತು ಇದನ್ನೇ ಹೇಳಿದ್ದರು. ಬಾವಿಯ ವಿಷಯ ಮುಗಿಸಿ ಆಮೇಲೆ ಅಳತೆ ಹಾಕೋಣ ಅಂದಿದ್ದರು. ಕತ್ತಲಾಗುತ್ತಿದೆ, ಬಂದವರು ಹೋಗಬೇಕು ಅಂತ ಯಾರೋ ಅವಸರ ಮಾಡಿದರು. ಯಾರು ಅನ್ನುವುದಕ್ಕೆ ಗುಂಪಿನಲ್ಲಿ ಮತ್ತೆ ಅರ್ಧ ಗಂಟೆ ಹೋಯಿತು. ದೊಡ್ಡಪ್ಪ, “ನಾನು ಹಾಗೆ ಹೇಳಿಲ್ಲ,” ಅಂದರು. ಅಣ್ಣ ತನ್ನ ಅಪ್ಪನಿಗೂ ಬಿಡಲಿಲ್ಲ. “ದಾಖಲೆ ಇದ್ದರೆ ಹಾಕಿ, ಸುಮ್ನೆ ಯಾಕೆ ಮಾತು?”

ಹನ್ನೊಂದು ಗಂಟೆಗೆ ಚಿಕ್ಕಪ್ಪ ಪೆಟ್ಟಿಗೆ ತೆಗೆದು ಪಾಲುಪಟ್ಟಿಯ ಕೊನೆಯ ಹಾಳೆಯ ಫೋಟೊ ಹಾಕಿದರು. ಮೇಲೆಲ್ಲ ಟೈಪ್ ಮಾಡಿದ್ದು. ಕೆಳಗೆ, ಸಹಿಗಳಿಗಿಂತ ಸ್ವಲ್ಪ ಮೇಲೆ, ನೀಲಿ ಪೆನ್ನಿನಲ್ಲಿ ಓರೆಯಾಗಿ ಒಂದು ಸಾಲು. “ಬಾವಿ, ಮೋಟರ್, ದಾರಿ ಮೂರೂ ಜನಕ್ಕೆ ಸೇರಿದ್ದು.” ಅಪ್ಪನ ಕೈಬರಹ. ರಕಾರದ ಕೊಂಬು ಉದ್ದ ಎಳೆಯುತ್ತಿದ್ದರು.

ಅಕ್ಕ ನನಗೆ ಬೇರೆಯಾಗಿ ಮೆಸೇಜ್ ಮಾಡಿದಳು. “ಈ ಫೋಟೊ ಸ್ಪಷ್ಟವಾಗಿಲ್ಲ. ಊರಿಗೆ ಹೋದಾಗ ಬೆಳಕಿನಲ್ಲಿ ಇನ್ನೊಂದು ತೆಗೆದು ಕಳಿಸು.”

ಗುಂಪಿನಲ್ಲಿ ಚಿಕ್ಕಪ್ಪನ ಕೊನೆಯ ಸಾಲು: “ಬಾವಿ ಹೂಳು ತೆಗೆಸಬೇಕು. ಮಳೆಗೆ ಮುಂಚೆ ಆಗಬೇಕು. ಖರ್ಚು ಮೂರು ಪಾಲು.”

ನಾನು ಹೂಂ ಅಂದೆ. ದೊಡ್ಡಪ್ಪ ಓದಿದ್ದಾರೆ, ನೀಲಿ ಗುರುತು ಬಿದ್ದಿದೆ. ಉತ್ತರ ಇನ್ನೂ ಬಂದಿಲ್ಲ.