ಲೂಪ್ ಮಿರರ್ ಸ್ವಿಚ್ ಆಗ್ತಾ ಇಲ್ಲ, ಪವರ್ ಏರಿಸಿದರೂ ಅಷ್ಟೇ

ಗಾಜಿನೆಳೆ:
ನಮಸ್ಕಾರ. ನಾನ್‌ಲೀನಿಯರ್ ಲೂಪ್ ಮಿರರ್ ಕಟ್ಟಿದ್ದೇನೆ, ಅಂದರೆ ಕಡಿಮೆ ಪವರ್‌ನ ಬೆಳಕನ್ನು ಬಂದ ದಾರಿಗೇ ಹಿಂತಿರುಗಿಸಿ, ಹೆಚ್ಚು ಪವರ್‌ನದನ್ನು ಆಚೆ ತುದಿಗೆ ದಾಟಿಸಬೇಕಾದ (ಸ್ವಿಚ್ ಆಗಬೇಕಾದ) ಫೈಬರ್ ಕುಣಿಕೆ. ಬೆಳಕನ್ನು ಸಮನಾಗಿ ಎರಡು ಪಾಲು ಮಾಡುವ 50:50 ಕಪ್ಲರ್, ಅದರ ಎರಡು ತುದಿಗಳ ನಡುವೆ 100 ಮೀಟರ್ ಮಾಮೂಲಿ ಸಿಂಗಲ್ ಮೋಡ್ ಫೈಬರ್, ಜೊತೆಗೆ ಬೆಳಕಿನ ಧ್ರುವೀಕರಣ ಹೊಂದಿಸುವ ಪೋಲರೈಸೇಶನ್ ಪ್ಯಾಡಲ್. ಲೇಸರ್ 1550 ನ್ಯಾನೊಮೀಟರ್, 10 ಪಿಕೊಸೆಕೆಂಡ್ ಪಲ್ಸ್, 10 ಮೆಗಾಹರ್ಟ್ಸ್. ಪ್ಯಾಡಲ್ ತಿರುಗಿಸಿದರೆ ಬೆಳಕು ಒಮ್ಮೆ ಹಿಂದಕ್ಕೆ, ಒಮ್ಮೆ ಆಚೆ ತುದಿಗೆ ಹೋಗುತ್ತದೆ. ಆದರೆ ಸರಾಸರಿ ಪವರ್ 0.5ರಿಂದ 5 ಮಿಲಿವ್ಯಾಟ್‌ಗೆ ಏರಿಸಿದರೂ ಹಂಚಿಕೆ ಜಪ್ಪಯ್ಯ ಅಂದರೂ ಬದಲಾಗುತ್ತಿಲ್ಲ. ಫೈಬರ್ ಉದ್ದ ಸಾಲದಾ?

ಹಳೇಸ್ಪ್ಲೈಸರ್:
ಉದ್ದ ಅಲ್ಲ, ಕಪ್ಲರ್. ಫೈಬರಿನಲ್ಲಿ ಪಲ್ಸಿನ ಪವರ್ ಹೆಚ್ಚಿದಷ್ಟೂ ಅದರ ಫೇಸ್ (ಅಲೆಯ ಏರಿಳಿತದ ಹಂತ) ಹೆಚ್ಚು ಸರಿಯುತ್ತದೆ, ಸ್ವಿಚ್ ಆಗುವುದು ಎರಡು ಪಲ್ಸುಗಳ ಫೇಸ್ ವ್ಯತ್ಯಾಸದಿಂದ. ಎಡಕ್ಕೆ ಹೋಗುವ ಪಲ್ಸ್, ಬಲಕ್ಕೆ ಹೋಗುವ ಪಲ್ಸ್ ಎರಡಕ್ಕೂ ಒಂದೇ ಪವರ್ ಇದ್ದರೆ ಎರಡರ ಫೇಸೂ ಒಂದೇ ಅಳತೆಯಲ್ಲಿ ಸರಿಯುತ್ತದೆ, ವಾಪಸ್ ಬಂದು ಸೇರುವಾಗ ವ್ಯತ್ಯಾಸ ಸೊನ್ನೆ, ಅಂದರೆ ನಿಮ್ಮದು ಬರೀ ಕನ್ನಡಿ. 1988ರಲ್ಲಿ ಡೋರಾನ್ ಮತ್ತು ವುಡ್ ಇದನ್ನು ಮುಂದಿಟ್ಟಾಗಲೇ ಅಸಮ ಕಪ್ಲರ್ ಅಂದಿದ್ದರು. 5 ಮಿಲಿವ್ಯಾಟ್‌ನಲ್ಲಿ ನಿಮ್ಮ ಪೀಕ್ ಪವರ್ (ಪಲ್ಸಿನ ನೆತ್ತಿಯ ಪವರ್) ಸುಮಾರು 50 ವ್ಯಾಟ್, ಅದೇನೂ ಕಮ್ಮಿಯಲ್ಲ. ಈ ಫೈಬರಿನ ಗಾಮಾ, ಅಂದರೆ ಪವರ್‌ಗೆ ಫೇಸ್ ಎಷ್ಟು ಸರಿಯುತ್ತದೆ ಅನ್ನುವ ಅಳತೆ, ಕಿಲೋಮೀಟರಿಗೆ, ವ್ಯಾಟಿಗೆ 1.3ರ ಆಸುಪಾಸು ಅಂತಿಟ್ಟುಕೊಂಡರೆ, 70:30 ಕಪ್ಲರ್‌ಗೆ ಪೂರ್ತಿ ಸ್ವಿಚ್ ಆಗಲು 60 ವ್ಯಾಟ್ ಬೇಕು, 60:40ಗೆ 120. ಆದರೆ 70:30ರಲ್ಲಿ ಕಡಿಮೆ ಪವರ್‌ನಲ್ಲೂ 16% ಆಚೆ ತುದಿಗೆ ಸೋರುತ್ತದೆ, 60:40ರಲ್ಲಿ ಬರೀ 4%.

ಗಾಜಿನೆಳೆ:
ಅಯ್ಯೋ! ಹೊಸ ಕಪ್ಲರ್ ಬರೋಕೆ ಮೂರು ವಾರ ಸರ್.

ಹಳೇಸ್ಪ್ಲೈಸರ್:
ಅಲ್ಲೀವರೆಗೆ ಪೆನ್ಸಿಲ್ ಇದೆಯಲ್ವಾ? ಲೂಪಿನ ಒಂದು ತುದಿಯಲ್ಲಿ, ಕಪ್ಲರ್ ಪಕ್ಕದಲ್ಲೇ, ಫೈಬರನ್ನು ಪೆನ್ಸಿಲ್‌ಗೆ ಮೆಲ್ಲಗೆ ಸುತ್ತಿ ಅರ್ಧ ಬೆಳಕು ಸೋರಿಹೋಗುವಂತೆ ಮಾಡಿ. ಒಂದು ಪಲ್ಸ್ ಶುರುವಿನಲ್ಲೇ ಸೊರಗುತ್ತದೆ, ಇನ್ನೊಂದು 100 ಮೀಟರ್ ಓಡಿದ ಮೇಲೆ. ಹೊರಬರುವಾಗ ಎರಡೂ ಸಮ, ಹಾಗಾಗಿ ಕಡಿಮೆ ಪವರ್‌ನಲ್ಲಿ ಆಚೆ ತುದಿಯ ಕತ್ತಲೆ ಹಾಗೇ ಉಳಿಯುತ್ತದೆ. ಸುತ್ತಿದ ಮೇಲೆ ಪ್ಯಾಡಲ್ ಮತ್ತೆ ಹೊಂದಿಸಿ, 0.5 ಮಿಲಿವ್ಯಾಟ್‌ನಲ್ಲೇ, ಆಚೆ ತುದಿ ಆದಷ್ಟು ಕತ್ತಲಾಗುವ ತನಕ. ಆಮೇಲೆ ಅದನ್ನು ಮುಟ್ಟಲೇಬೇಡಿ.

ಗಾಜಿನೆಳೆ:
ಆಯ್ತು ಸರ್!! ಕತ್ತಲೆಯಿಂದ ಶುರುವಾಗಿ 5 ಮಿಲಿವ್ಯಾಟ್‌ಗೆ, ಹೊರಬರುವ ಬೆಳಕಿನಲ್ಲಿ ಹತ್ತಿರ ಹತ್ತಿರ 30% ಆಚೆ ತುದಿಗೆ ಬಂತು. ಲೆಕ್ಕದಲ್ಲಿ 50% ಬರಬೇಕಿತ್ತಲ್ವಾ?

ಹಳೇಸ್ಪ್ಲೈಸರ್:
50% ಪಲ್ಸಿನ ನೆತ್ತಿಗೆ ಮಾತ್ರ. ಅಕ್ಕಪಕ್ಕದ ಇಳಿಜಾರಿನಲ್ಲಿ ಪವರ್ ಕಡಿಮೆ, ಅದು ಹಿಂದಕ್ಕೇ ಹೋಗುತ್ತದೆ, ಮೀಟರ್ ಎಲ್ಲದರ ಸರಾಸರಿ ತೋರಿಸುತ್ತದೆ. 30 ಸರಿಯಾಗಿಯೇ ಇದೆ. ಪೆನ್ಸಿಲ್ ಸುತ್ತನ್ನು ರಾತ್ರಿಯಿಡೀ ಬಿಡಬೇಡಿ, ಫೈಬರ್ ತುಂಡಾಗುತ್ತದೆ, ನನ್ನದು ಆಗಿತ್ತು.