ಪದಚರ್ಚೆ: ‘ಕಲಾವಿದೆಯರ ದಾಖಲೆಗಳು’ ಅಂದರೆ ನಿಮಗೆ ಏನು ಹೊಳೆಯುತ್ತದೆ?

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಬರವಣಿಗೆಯ ಕೆಲಸ ಒಪ್ಪಿಕೊಂಡು ಪೇಚಿಗೆ ಸಿಕ್ಕಿದ್ದೇನೆ. 1970ರ ದಶಕದಲ್ಲಿ ಅಮೆರಿಕ, ಬ್ರಿಟನ್ನುಗಳ ಹೆಂಗಸರು ಕಲೆಯ ಲೋಕದಲ್ಲಿ ತಮಗೂ ಜಾಗ ಬೇಕು ಎಂದು ಎದ್ದು ನಿಂತರಲ್ಲ, ಆ ಚಳವಳಿಯ ಆರ್ಕೈವ್‌ಗಳನ್ನು, ಅಂದರೆ ಕೂಡಿಟ್ಟ ಕಾಗದ, ಫೋಟೊ, ಸ್ಲೈಡುಗಳನ್ನು, ಕನ್ನಡದಲ್ಲಿ ಪರಿಚಯಿಸಬೇಕು. ತಲೆಬರಹಕ್ಕೆ ‘ಸ್ತ್ರೀವಾದಿ ಕಲಾವಿದೆಯರ ದಾಖಲೆಗಳು’ ಎಂದು ಬರೆದು ನಮ್ಮ ಅತ್ತಿಗೆಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು, “ಯಾವ ನಟಿಯರು? ಏನು ದಾಖಲೆ ಮಾಡಿದ್ರು?” ಅಂದರು.

ಅವರದೇನೂ ತಪ್ಪಿಲ್ಲ. ಪತ್ರಿಕೆ ಓದುವವರಿಗೆ ದಾಖಲೆ ಎಂದರೆ ಕ್ರಿಕೆಟ್ಟಿನಲ್ಲೋ ಓಟದಲ್ಲೋ ಮುರಿಯುವಂಥದ್ದು. ಕಲಾವಿದೆ ಎಂದರೆ ಸಿನಿಮಾದವರು, ಇಲ್ಲವೇ ನಾಟಕದವರು. ನಮ್ಮ ಚಲನಚಿತ್ರ ನಟನಟಿಯರ ಸಂಘದ ಹೆಸರೇ ‘ಕಲಾವಿದರ ಸಂಘ’ ಅಲ್ವಾ? ಅಂತೂ ನನ್ನ ತಲೆಬರಹದ ಮೂರು ಪದಗಳಲ್ಲಿ ಎರಡು ಅಡ್ಡದಾರಿ ಹಿಡಿದವು.

ಆದರೂ ‘ದಾಖಲೆ’ಯನ್ನು ಬಿಡಲು ನನಗೆ ಮನಸ್ಸಿಲ್ಲ. ಅರಬ್ಬಿಯಿಂದ ಪಾರಸಿಯ ದಾರಿಯಲ್ಲಿ ಬಂದ ಪದ ಇದು. ಮೂಲದಲ್ಲಿ ಒಳಗೆ ಹೋಗುವುದು ಎಂದು ಅರ್ಥ. ಹುಡುಗ ಶಾಲೆಗೆ ದಾಖಲಾದ, ಅಜ್ಜಿ ಆಸ್ಪತ್ರೆಗೆ ದಾಖಲಾದರು ಎನ್ನುವಾಗ ಆ ಹಳೆಯ ಅರ್ಥ ಇನ್ನೂ ಜೀವಂತ. ಈ ಹೆಂಗಸರ ಜಗಳವೆಲ್ಲ ಇದ್ದದ್ದು ಒಳಗೆ ಹೋಗುವುದರ ಬಗ್ಗೆಯೇ. 1970ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ವಾರ್ಷಿಕ ಪ್ರದರ್ಶನದಲ್ಲಿ ಅರ್ಧ ಪಾಲು ಹೆಂಗಸರಿಗೆ ಇರಬೇಕು ಎಂದು ಕಲಾವಿದೆ ಫೇಯ್ತ್ ರಿಂಗ್‌ಗೋಲ್ಡ್, ಕಲಾವಿಮರ್ಶಕಿ ಲೂಸಿ ಲಿಪ್ಪಾರ್ಡ್ ಮುಂತಾದವರು ಪ್ರತಿಭಟನೆ ಮಾಡಿದರು. ಮ್ಯೂಸಿಯಮ್ಮಿನ ಒಳಗೆ ಅಲ್ಲಲ್ಲಿ ಕೋಳಿಮೊಟ್ಟೆ ಇಟ್ಟು ಬಂದರು. “ಒಳ್ಳೆಯ ಕಲಾವಿದೆಯರು ಎಲ್ಲಿದ್ದಾರೆ, ನಮಗೆ ಸಿಗೋದೇ ಇಲ್ಲ” ಎನ್ನುವವರ ಬಾಯಿ ಮುಚ್ಚಿಸಲು ಇನ್ನೊಂದು ಕೆಲಸವನ್ನೂ ಮಾಡಿದರು. ಹೆಂಗಸರ ಕಲಾಕೃತಿಗಳ ಸ್ಲೈಡುಗಳನ್ನು ಒಂದೆಡೆ ಕೂಡಿಹಾಕಿದರು. ಬೆಳಕಿಗೆ ಹಿಡಿದರೆ ಚಿತ್ರ ಕಾಣುವ ಆ ಪುಟ್ಟ ಚೌಕಗಳನ್ನು ಹಳಬರು ನೋಡಿರುತ್ತೀರಿ.

ಆ ಸಂಗ್ರಹದ ಹೆಸರು ‘ವಿಮೆನ್ಸ್ ಆರ್ಟ್ ರಿಜಿಸ್ಟ್ರಿ’. ರಿಜಿಸ್ಟ್ರಿ ಎಂದು ಹಾಗೇ ಬರೆದರೆ ನಮ್ಮವರಿಗೆ ಸೈಟು, ಸಬ್‌ರಿಜಿಸ್ಟ್ರಾರ್ ಕಚೇರಿ ನೆನಪಾಗುತ್ತದೆ. ‘ನೋಂದಣಿ’ಯ ಕಥೆಯೂ ಅಷ್ಟೇ. ‘ಹಾಜರಿ’ ಹೇಗೆ? ಹೆಸರು ಕೂಗಿದಾಗ ‘ಇದ್ದೇನೆ’ ಅನ್ನುವುದು ತಾನೇ ಅದು. ‘ಕಲಾವಿದೆಯರ ಹಾಜರಿ ಪೆಟ್ಟಿಗೆ’ ಎಂದು ಒಮ್ಮೆ ಬರೆದೆ, ಶಾಲೆಯ ವಾಸನೆ ಹೊಡೆಯಿತು, ಹೊಡೆದು ಹಾಕಿದೆ. ನಿಮಗೆ ಬೇರೇನಾದರೂ ಹೊಳೆದರೆ ಹೇಳಿ.

ಹೀಗೆ ಕೂಡಿಟ್ಟ ಸ್ಲೈಡುಗಳನ್ನು ನೋಡಿಯೇ 1972ರಲ್ಲಿ ನ್ಯೂಯಾರ್ಕಿನ ಎ.ಐ.ಆರ್. ಗ್ಯಾಲರಿಗೆ ಸದಸ್ಯರನ್ನು ಹುಡುಕಿದರು. ಇಪ್ಪತ್ತು ಮಂದಿ ಹೆಂಗಸರು ಸೇರಿ ಕಟ್ಟಿದ, ಹೆಂಗಸರೇ ನಡೆಸುವ ಗ್ಯಾಲರಿ ಅದು. (ಎ.ಐ.ಆರ್. ಅಂದರೆ ನಮಗೆ ರೇಡಿಯೊ. ಆಕಾಶವಾಣಿ ಎಂಬ ಹೆಸರು ಹುಟ್ಟಿದ್ದು ಮೈಸೂರಿನಲ್ಲಿ ಬೇರೆ! ಒಂದು ಅಡಿಟಿಪ್ಪಣಿ ಹಾಕದೆ ವಿಧಿಯಿಲ್ಲ.) ಲಂಡನ್ನಿನಲ್ಲೂ ‘ವಿಮೆನ್ ಆರ್ಟಿಸ್ಟ್ಸ್ ಸ್ಲೈಡ್ ಲೈಬ್ರರಿ’ ಶುರುವಾಗಿದ್ದು ಸ್ಲೈಡುಗಳಿಂದಲೇ. ಈಗ ಅದು ವಿಮೆನ್ಸ್ ಆರ್ಟ್ ಲೈಬ್ರರಿ ಎಂಬ ಹೆಸರಿನಲ್ಲಿ ಅಲ್ಲಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿದೆ. ಅಂದರೆ ಚಳವಳಿ ಮುಗಿದ ಮೇಲೆ ಯಾರೋ ಬಂದು ಗುಡಿಸಿ ತುಂಬಿಟ್ಟ ಕಾಗದಗಳಲ್ಲ ಇವು. ಕೂಡಿಡುವುದೇ ಚಳವಳಿಯ ಒಂದು ಕೆಲಸವಾಗಿತ್ತು. ನಾನು ಹುಡುಕುತ್ತಿರುವ ಪದಕ್ಕೆ ಇದನ್ನು ಹೊರುವ ಶಕ್ತಿ ಇರಬೇಕು.

ಅಲ್ಲೇ ‘ಪತ್ರಾಗಾರ’ ನನಗೆ ಸರಿಹೊಂದುತ್ತಿಲ್ಲ. ನಮ್ಮ ರಾಜ್ಯ ಪತ್ರಾಗಾರ ಇಲಾಖೆಯ ಹೆಸರಿನಲ್ಲಿ ಅದು ಚೆನ್ನಾಗಿ ಕೂತಿದೆ. ಸರ್ಕಾರದ ಪತ್ರಗಳು, ಅವುಗಳಿಗೊಂದು ಆಗಾರ, ಸರಿ. ಆದರೆ ಮುಂಬೈಯ ‘ಸ್ಪ್ಯಾರೋ’ ಸಂಸ್ಥೆಯನ್ನು ತೆಗೆದುಕೊಳ್ಳಿ. 1988ರಲ್ಲಿ ಶುರುವಾಗಿದ್ದು. ಕಟ್ಟಿದವರಲ್ಲಿ ಒಬ್ಬರಾದ ಸಿ.ಎಸ್. ಲಕ್ಷ್ಮಿ, ಅಂದರೆ ತಮಿಳು ಲೇಖಕಿ ಅಂಬೈ, ಬೆಳೆದದ್ದು ಮುಂಬೈ ಮತ್ತು ಬೆಂಗಳೂರಿನಲ್ಲಿ. ಸ್ಪ್ಯಾರೋ ಎಂಬ ಇಂಗ್ಲಿಷ್ ಹೆಸರಿನ ಅಕ್ಷರಗಳನ್ನು ಬಿಡಿಸಿದರೆ ಹೆಂಗಸರ ಬಗೆಗಿನ ಧ್ವನಿ ಮತ್ತು ಚಿತ್ರಗಳ ಆರ್ಕೈವ್ ಎಂದಾಗುತ್ತದೆ. ಮುಖ್ಯವಾಗಿ ಇರುವುದೇ ದನಿ ಮತ್ತು ಚಿತ್ರ, ನಾವು ಅದನ್ನು ‘ಪತ್ರ’ದ ಆಗಾರ ಅಂದರೆ ಹೇಗೆ? ಸ್ಪ್ಯಾರೋ ಎಂದರೆ ಗುಬ್ಬಚ್ಚಿ ತಾನೇ, ಅದಕ್ಕಿಂತ ಗುಬ್ಬಚ್ಚಿ ಗೂಡು ಅಂದುಬಿಡಬಹುದು.

‘ಕಡತ’ದ ಮೇಲೆ ನನಗೆ ಆಸೆ ಇತ್ತು. ಹಳೆಯ ಕಡತ ಎಂದರೆ ಬಟ್ಟೆ. ಅದಕ್ಕೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ವ್ಯಾಪಾರಿಗಳ ಲೆಕ್ಕ ಇರುತ್ತಿದ್ದುದು ಅದರಲ್ಲೇ. ಶೃಂಗೇರಿ ಮಠದ ಕಡತಗಳ ವಿಷಯ ನಿಮಗೆ ಗೊತ್ತೇ ಇದೆ. ಬಟ್ಟೆ, ಅಂಟು, ಇದ್ದಿಲು, ಕೈಕೆಲಸ! ಕಲಾವಿದೆಯರ ಸಂಗ್ರಹಕ್ಕೆ ಹೇಳಿ ಮಾಡಿಸಿದ ಪದ ಅನ್ನಿಸಿತ್ತು. ಏನು ಮಾಡೋದು, ಈಗ ಅದು ವಿಧಾನಸೌಧದ ಪಾಲಾಗಿದೆ. ಕಡತ ಎಂದ ಕೂಡಲೇ ನಾಲಿಗೆಗೆ ಬರುವ ಮುಂದಿನ ಪದ ‘ವಿಲೇವಾರಿ’. ಕಾಪಾಡಬೇಕಾದ್ದಕ್ಕೆ ಆ ಹೆಸರು ಬೇಡ.

ಯೋಚಿಸುತ್ತಾ ಹೋದಂತೆ ಗಂಟು ಎಲ್ಲಿದೆ ಎಂದು ಗೊತ್ತಾಯಿತು. ಇಂಗ್ಲಿಷಿನಲ್ಲಿ ಕಟ್ಟಡಕ್ಕೂ, ಅದರೊಳಗಿನ ಸರಕಿಗೂ, ಒಬ್ಬರ ಪೆಟ್ಟಿಗೆಗೂ ಆರ್ಕೈವ್ ಅಂದುಬಿಡುತ್ತಾರೆ. ನಾವೂ ಒಂದೇ ಪದದಲ್ಲಿ ಮುಗಿಸಬೇಕೆಂದು ಹಟ ಹಿಡಿದರೆ ಕಷ್ಟ. ಹಾಂಗ್‌ಕಾಂಗಿನ ಏಷ್ಯಾ ಆರ್ಟ್ ಆರ್ಕೈವ್‌ನಲ್ಲಿ ಬರೋಡದ ಕಲಾವಿದೆ ನಿಲಿಮಾ ಶೇಖ್ ಅವರ ಆರ್ಕೈವ್ ಇದೆ ಎಂಬ ವಾಕ್ಯ ಬಂತು ಅನ್ನಿ. ನಾನು ಹೀಗೆ ಬರೆಯುತ್ತೇನೆ: ‘ಏಷ್ಯಾ ಆರ್ಟ್ ಆರ್ಕೈವ್‌ನಲ್ಲಿ ನಿಲಿಮಾ ಶೇಖ್ ಅವರ ಕಾಗದಪತ್ರಗಳಿವೆ.’ ಕಾಗದಪತ್ರ ಎಂದರೆ ಮನೆಯ ಟ್ರಂಕಿನಲ್ಲಿ ಇರುವಂಥದ್ದು ಕಣ್ಣಿಗೆ ಬರುತ್ತದೆ. ‘ಕಾಗದ ಬಂತು’ ಎಂದರೆ ಓಲೆ ಬಂತು ಎಂದೇ ಅರ್ಥವಾದ್ದರಿಂದ ಸ್ವಂತದ್ದೆಂಬ ಬೆಚ್ಚನೆಯ ಭಾವವೂ ಉಂಟು. ಸ್ಲೈಡು, ಕ್ಯಾಸೆಟ್ಟು ಇದರೊಳಗೆ ಬರುವುದಿಲ್ಲ ಎಂದು ನೀವು ತಕರಾರು ತೆಗೆಯಬಹುದು, ನಾನೇ ಈಗ ಪತ್ರಾಗಾರಕ್ಕೆ ಅದೇ ತಕರಾರು ತೆಗೆದೆ. ಒಪ್ಪಿದೆ. ಆದರೂ ಮನೆಮಾತಿನ ಪದ ಒಂದಿಷ್ಟು ಹಿಗ್ಗುತ್ತದೆ, ಆಗಾರ ಹಿಗ್ಗುವುದಿಲ್ಲ.

ಒಂದು ತಮಾಷೆ. ಅಮೆರಿಕದ ಆರ್ಕೈವ್‌ಗಳ ಪಟ್ಟಿಗಳಲ್ಲಿ ಈ ಕಾಗದಗಳನ್ನು ಅಡಿ ಲೆಕ್ಕದಲ್ಲಿ ಅಳೆಯುತ್ತಾರೆ, ಕಪಾಟಿನಲ್ಲಿ ಎಷ್ಟು ಉದ್ದ ಜಾಗ ಹಿಡಿಯುತ್ತದೆ ಎಂದು. ನಾವು ಹೂವನ್ನು ಮೊಳದಲ್ಲಿ ಅಳೆಯುವ ಹಾಗೆ. ‘ಇಷ್ಟು ಅಡಿ ಕಾಗದ’ ಎಂದು ಸುಮ್ನೆ ಬರೆದಿದ್ದೇನೆ.

ಪಟ್ಟಿಯೊಳಗಿನ ಹೆಸರುಗಳು ಇನ್ನೂ ಮಜಾ. 1972ರಲ್ಲಿ ಕಲಾವಿದೆಯರಾದ ಜೂಡಿ ಶಿಕಾಗೊ, ಮಿರಿಯಂ ಶಪೀರೊ ಮತ್ತು ಅವರ ವಿದ್ಯಾರ್ಥಿನಿಯರು ಹಾಲಿವುಡ್‌ನ ಒಂದು ಪಾಳುಬಿದ್ದ ಮನೆಯನ್ನು ರಿಪೇರಿ ಮಾಡಿ, ಕೋಣೆ ಕೋಣೆಯನ್ನೂ ಕಲಾಕೃತಿ ಮಾಡಿದರು. ಹೆಸರು ‘ವುಮನ್‌ಹೌಸ್’. ‘ಹೆಣ್ಣಿನ ಮನೆ’ ಎಂದು ಬರೆದರೆ ಮದುವೆ ಮಾತುಕತೆ ಶುರುವಾಯಿತು, ಗಂಡಿನ ಕಡೆಯವರು ಹೊರಟರು ಅನ್ನಿಸುತ್ತದೆ. ಅಲ್ಲಿ ಮೆಟ್ಟಿಲ ಮೇಲೆ ನಿಜಕ್ಕೂ ಒಬ್ಬಳು ಮದುಮಗಳ ಬೊಂಬೆ ಇತ್ತು, ಹಾಗಾಗಿ ತಪ್ಪು ಅರ್ಥವೂ ಪೂರ್ತಿ ದಂಡವಲ್ಲ! ಬಟ್ಟೆ ಬೀರುವಿನ ಅರೆಗಳ ನಡುವೆ ಸಿಕ್ಕಿಕೊಂಡ ಇನ್ನೊಂದು ಹೆಣ್ಣುಬೊಂಬೆ ಇತ್ತು. ಮುಟ್ಟಿನ ಬಚ್ಚಲೂ ಇತ್ತು. ಪ್ರದರ್ಶನ ನಡೆದದ್ದು ಸುಮಾರು ಒಂದು ತಿಂಗಳು, ಆಮೇಲೆ ಆ ಮನೆಯನ್ನೇ ಕೆಡವಿದರು. ಈಗ ವುಮನ್‌ಹೌಸ್ ಎಂದರೆ ಬಹುಪಾಲು ಫೋಟೊ, ಫಿಲ್ಮು, ಕಾಗದ. ‘ಹೆಂಗಸರ ಮನೆ’ ಎಂದು ಬರೆದಿದ್ದೇನೆ, ಅಷ್ಟು ಖುಷಿಯಿಲ್ಲ.

ವುಮನ್‌ಹೌಸಿನ ಈ ಹೆಂಗಸರು ಕೆಲಸಕ್ಕೆ ಮೊದಲು ಸುತ್ತ ಕೂತು, ಒಬ್ಬೊಬ್ಬರಾಗಿ ತಮ್ಮ ಬದುಕಿನ ಮಾತು ಆಡುತ್ತಿದ್ದರು. ‘ಕಾನ್ಷಿಯಸ್‌ನೆಸ್ ರೇಯ್ಸಿಂಗ್’, ಅಂದರೆ ಅರಿವನ್ನು ಎತ್ತರಿಸುವುದು, ಎಂದು ಕಾಗದಗಳ ತುಂಬ ಬರುತ್ತದೆ. ನಿಘಂಟು ಹಿಡಿದು ‘ಜಾಗೃತಿ’ ಎಂದು ಬರೆದವರನ್ನು ನೋಡಿದ್ದೇನೆ. ಜಾಗೃತಿ ಎಂದರೆ ಡೆಂಗಿ ಜಾಥಾ, ಮತದಾನದ ಬ್ಯಾನರು. ಅಲ್ಲಿ ಒಬ್ಬರು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಇಲ್ಲಿ ಎಲ್ಲರೂ ಹೇಳುವವರೇ. ನಮ್ಮಲ್ಲಿ ಇದಕ್ಕೆ ಒಳ್ಳೆಯ ಪದ ಮೊದಲಿನಿಂದ ಇದೆ: ಕಷ್ಟಸುಖ. ‘ಕಷ್ಟಸುಖದ ಮಾತು’ ಎಂದು ಹಾಕಿದೆ. ಇದರ ಬಗ್ಗೆ ನನಗೆ ಅನುಮಾನವೇ ಇಲ್ಲ, ಜಗಳಕ್ಕೂ ಸಿದ್ಧ.

‘ಚಳವಳಿ’ಯ ಬದಲು ಕಲೆಯ ಪುಸ್ತಕಗಳಲ್ಲಿ ಬರುವ ‘ಪಂಥ’ ಹಾಕು ಎಂದರು ಒಬ್ಬ ಸ್ನೇಹಿತರು. ಪಂಥಕ್ಕೆ ಒಂದು ಶೈಲಿ ಬೇಕು. ಮೊಟ್ಟೆ ಇಟ್ಟು ಬಂದದ್ದು ಶೈಲಿಯೇ? ಚಳವಳಿಯೇ ಇರಲಿ. ಆದರೆ ‘ಮಹಿಳಾ ಕಲಾ ಚಳವಳಿ’ ಎಂದು ಮೂರನ್ನೂ ಅಂಟಿಸಿದರೆ ‘ಮಹಿಳಾ ಕಲೆ’ ಎಂದು ಒಂದಿದೆ, ಅದು ರಂಗೋಲಿ, ಕಸೂತಿ ಎಂದು ಓದುವವರೇ ಜಾಸ್ತಿ. ‘ಕಲಾವಿದೆಯರ ಚಳವಳಿ’ ವಾಸಿ.

ಹಾಗೆ ಸುತ್ತಿ ಮತ್ತೆ ‘ಕಲಾವಿದೆ’ಗೇ ಬಂದೆ. ‘ಚಿತ್ರಗಾರ್ತಿ’ ಕಿವಿಗೆ ಸೊಗಸು, ಬರಹಗಾರ್ತಿ, ಹಾಡುಗಾರ್ತಿ ಇದ್ದ ಹಾಗೆ. ಆದರೆ ಚಿತ್ರಗಾರರು ಎಂಬುದು ಒಂದು ಸಮುದಾಯದ ಹೆಸರೂ ಹೌದು, ಕಿನ್ನಾಳದ ಬೊಂಬೆ ಮಾಡುವವರು ಅವರೇ. ಜೊತೆಗೆ ನಮ್ಮವರೇ ಆದ ಪುಷ್ಪಮಾಲಾ ಎನ್. ಅವರನ್ನು ನೋಡಿ. ಕಲಿತದ್ದು ಶಿಲ್ಪ, ಆಮೇಲೆ ತಾವೇ ವೇಷ ಹಾಕಿ ಕ್ಯಾಮೆರಾ ಮುಂದೆ ನಿಂತರು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಚಿತ್ರ ಕಲಿತು, ಮುಂದೆ ಸಗಣಿ, ಕುಂಕುಮ, ದಾರ, ಸೂಜಿ ಹಿಡಿದರು. ‘ಚಿತ್ರ’ದೊಳಗೆ ಇವರನ್ನು ತುರುಕೋದು ಹೇಗೆ?

ಇನ್ನು ‘ಸ್ತ್ರೀವಾದಿ’ಯನ್ನು ಎಲ್ಲರ ಹೆಸರಿನ ಹಿಂದೆ ಅಂಟಿಸಬಹುದೇ ಎಂಬುದು ಬೇರೆಯೇ ಪ್ರಶ್ನೆ. ಮುಂಬೈಯ ಕಲಾವಿದೆ ನಳಿನಿ ಮಲಾನಿ 1979ರಲ್ಲಿ ನ್ಯೂಯಾರ್ಕಿನ ಎ.ಐ.ಆರ್. ಗ್ಯಾಲರಿ ನೋಡಿ ಬಂದು, ಇಲ್ಲೂ ಹೆಂಗಸರದೇ ಪ್ರದರ್ಶನ ಆಗಬೇಕು ಎಂದು ಓಡಾಡಿದರು. 1987ರಲ್ಲಿ ಅವರು, ಮಾಧವಿ ಪಾರೇಖ್, ನಿಲಿಮಾ ಶೇಖ್, ಅರ್ಪಿತಾ ಸಿಂಗ್ ನಾಲ್ವರೂ ಸೇರಿ ಭೋಪಾಲದ ಭಾರತ ಭವನದಲ್ಲಿ ಪ್ರದರ್ಶನ ಮಾಡಿದರು. ನಾಲ್ವರ ಕಲೆಯೂ ಒಂದೇ ಬಗೆಯದಲ್ಲ. ತಲೆಬರಹದಲ್ಲಿ ಒಂದೇ ಚೀಟಿ ಅಂಟಿಸಲು ನನ್ನ ಕೈ ಬರಲಿಲ್ಲ. ಸದ್ಯಕ್ಕೆ ‘ಕಲಾವಿದೆಯರ ಚಳವಳಿ: ಉಳಿದ ಕಾಗದಪತ್ರಗಳು’ ಎಂದಿದೆ. ಅತ್ತಿಗೆಗೆ ಇನ್ನೂ ತೋರಿಸಿಲ್ಲ.

ನಿಮ್ಮಿಂದ ಬೇಕಾದದ್ದು ಇಷ್ಟು. ಆಹ್ವಾನ ಪತ್ರಿಕೆ, ಕರಪತ್ರ, ಟಿಕೆಟ್ಟು, ಬ್ಯಾಡ್ಜು, ಹೀಗೆ ಒಂದು ದಿನದ ಬಳಕೆಗೆ ಮಾಡಿ ಬಿಸಾಡುವ ಚೂರುಪಾರುಗಳಿಗೆಲ್ಲ ಸೇರಿ ಒಂದು ಹೆಸರು ಬೇಕು. ನಾನು ‘ಬಿಡಿಕಾಗದ’ ಎಂದಿದ್ದೇನೆ, ಆದರೆ ಬ್ಯಾಡ್ಜು ಕಾಗದವಲ್ಲವಲ್ಲ. ಮತ್ತೆ ಬೆಳಗಾವಿ, ಧಾರವಾಡದ ಕಡೆಯವರು ಹೇಳಬೇಕು: ‘ದಫ್ತರ’ ನಿಮ್ಮಲ್ಲಿ ಇನ್ನೂ ಕಾಗದಗಳ ಕಟ್ಟಿಗೆ ಬಳಕೆಯಲ್ಲಿದೆಯೇ, ಅಥವಾ ಮರಾಠಿಯವರ ಹಾಗೆ ಶಾಲೆಯ ಚೀಲ ಆಗಿಬಿಟ್ಟಿದೆಯೇ? ಕಟ್ಟು ಎಂಬ ಅರ್ಥ ಉಳಿದಿದ್ದರೆ, ಕಾಗದಪತ್ರವನ್ನು ಕೈಬಿಟ್ಟು ಅದನ್ನೇ ಹಿಡಿಯುವ ಯೋಚನೆ ಇದೆ.